ಸೊನ್ನೆಯ ನೆರೆಯಲ್ಲಿ: ಭಾಗಲಬ್ಧ ಫಲನಗಳ ಮಿತಿಯನ್ನು ಕುರಿತು



ಕಲನಶಾಸ್ತ್ರದ ಹೊಸ್ತಿಲಲ್ಲೇ ಎದುರಾಗುವ ಒಂದು ಸಣ್ಣ ಲೆಕ್ಕವನ್ನು ಇಂದಿನ ಮಾತಿಗೆ ಆಧಾರವಾಗಿ ಇಟ್ಟುಕೊಂಡಿದ್ದೇನೆ. ಅಂಶದಲ್ಲಿ (ಕ್ಷ² − 9), ಛೇದದಲ್ಲಿ (ಕ್ಷ − 3). ಕ್ಷ ಎಂಬ ಚರ 3ನ್ನು ಸಮೀಪಿಸಿದಾಗ ಈ ಭಾಗಾಕಾರದ ಫಲ ಯಾವ ಸಂಖ್ಯೆಯನ್ನು ಸಮೀಪಿಸುತ್ತದೆ? ಪ್ರಥಮ ಪಿಯುಸಿಯ ಯಾವ ವಿದ್ಯಾರ್ಥಿಯಾದರೂ ಇದನ್ನು ಎರಡು ಸಾಲಿನಲ್ಲಿ ಮುಗಿಸುತ್ತಾನೆ. ಮೇಲಿನದನ್ನು (ಕ್ಷ − 3)(ಕ್ಷ + 3) ಎಂದು ಅಪವರ್ತಿಸುತ್ತಾನೆ, ಮೇಲೆ ಕೆಳಗೆ ಇರುವ (ಕ್ಷ − 3)ನ್ನು ಹೊಡೆದುಹಾಕುತ್ತಾನೆ, ಉಳಿದ (ಕ್ಷ + 3)ರಲ್ಲಿ ಕ್ಷ ಇದ್ದಲ್ಲಿ 3 ಇಡುತ್ತಾನೆ, 6 ಎಂದು ಬರೆಯುತ್ತಾನೆ. ಉತ್ತರ ಸರಿ, ಅಂಕವೂ ಬರುತ್ತದೆ.

ಆದರೆ ಆ ಎರಡು ಸಾಲುಗಳ ನಡುವೆ ಏನು ನಡೆಯಿತು ಎಂಬುದನ್ನು ನಿಧಾನವಾಗಿ ನೋಡಬೇಕು. ಮೊದಲ ಸಾಲಿನಲ್ಲಿ (ಕ್ಷ − 3)ನ್ನು ಹೊಡೆದುಹಾಕಿದೆವು. ಸೊನ್ನೆಯಿಂದ ಭಾಗಿಸುವುದು ಸಲ್ಲದ ಕಾರಣ ಆಗ ಅದು ಸೊನ್ನೆಯಲ್ಲ ಎಂದು ಒಪ್ಪಿಕೊಂಡಂತಾಯಿತು. ಮರುಸಾಲಿನಲ್ಲಿ ಕ್ಷ ಎಂದರೆ 3 ಎಂದೆವು. ಅಂದರೆ (ಕ್ಷ − 3) ಸೊನ್ನೆ ಎಂದೆವು. ಒಂದೇ ಪದ ಒಂದು ಗಳಿಗೆ ಸೊನ್ನೆಯಲ್ಲ, ಮರುಗಳಿಗೆ ಸೊನ್ನೆ. ನ್ಯಾಯಾಲಯದಲ್ಲಿ ಸಾಕ್ಷಿಯೊಬ್ಬ ಹೀಗೆ ನುಡಿದರೆ ಅವನ ಮಾತು ನಿಲ್ಲುವುದಿಲ್ಲ. ಗಣಿತದಲ್ಲಿ ಮಾತ್ರ ಇದು ಹೇಗೆ ನಿಂತಿತು? ಐರ್ಲೆಂಡಿನ ಬಿಷಪ್ ಜಾರ್ಜ್ ಬರ್ಕ್ಲಿ 1734ರಲ್ಲಿ ನ್ಯೂಟನ್ನನ ಅನುಯಾಯಿಗಳಿಗೆ ಹಾಕಿದ ಪ್ರಶ್ನೆ ತಾತ್ಪರ್ಯದಲ್ಲಿ ಇದೇ. ಅವರಲ್ಲಿ ಯಾರಿಗೂ ಅಂದು ತೃಪ್ತಿಕರವಾದ ಉತ್ತರ ಕೊಡಲಾಗಲಿಲ್ಲ. ಉತ್ತರ ರೂಪುಗೊಳ್ಳಲು ಮುಂದಿನ ಶತಮಾನ ಬರಬೇಕಾಯಿತು.

ಈ ಸಂಶಯ ನಮ್ಮ ವಿದ್ಯಾರ್ಥಿಗಳಲ್ಲಿ ಹುಟ್ಟಬೇಕು ಎಂಬುದು ನನ್ನ ಆಸೆ. ಅದು ಹುಟ್ಟುವ ಮೊದಲೇ ಉತ್ತರದ ವಿಧಾನವನ್ನು ಅವರ ಕೈಗೆ ಕೊಟ್ಟುಬಿಡುತ್ತಿದ್ದೇವೆ ಎಂಬುದು ನನ್ನ ಕೊರಗು. ಸೊನ್ನೆಯಿಂದ ಭಾಗಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆ ಯುರೋಪಿನಿಂದ ನಮ್ಮಲ್ಲಿಗೆ ಬಂದದ್ದಲ್ಲ. ಅದನ್ನು ಎತ್ತಿ, ಬರೆದಿಟ್ಟು, ತಪ್ಪಿ, ತಿದ್ದಿ ನಡೆದ ದೊಡ್ಡ ಪರಂಪರೆಯ ಒಂದು ಕೊಂಡಿ ಕನ್ನಡ ನಾಡಿನಲ್ಲಿದೆ.

ಅಮೋಘವರ್ಷ ನೃಪತುಂಗನ ಆಳ್ವಿಕೆ 814ರಲ್ಲಿ ಆರಂಭವಾಗಿ ಆರು ದಶಕಗಳನ್ನು ಮೀರಿ ನಡೆಯಿತು. ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ. ಆ ಆಸ್ಥಾನದಿಂದ ಬಂದ ಕವಿರಾಜಮಾರ್ಗವನ್ನು ಕನ್ನಡಿಗರು ಚೆನ್ನಾಗಿ ಬಲ್ಲರು. ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಅದು ಹೆಸರಿಸುವ ನಾಲ್ಕು ನೆಲೆಗಳಲ್ಲಿ ಪುಲಿಗೆರೆ ಒಂದು, ಅಂದರೆ ನಮ್ಮ ಗದಗ ಸೀಮೆಯ ಲಕ್ಷ್ಮೇಶ್ವರ. ಇನ್ನೊಂದಾದ ಕೊಪಣ, ಇಂದಿನ ಕೊಪ್ಪಳ, ಮುಂಡರಗಿಗೆ ದೂರವಲ್ಲ. ಅದೇ ಅರಸನನ್ನು ಕೊಂಡಾಡುತ್ತ ಆರಂಭವಾಗುವ ಇನ್ನೊಂದು ಗ್ರಂಥ ಮಹಾವೀರಾಚಾರ್ಯನ ಗಣಿತಸಾರಸಂಗ್ರಹ. ಸಂಸ್ಕೃತದಲ್ಲಿರುವ ಇದರ ಕಾಲ ಸುಮಾರು 850. ಒಂದೇ ಅರಸನ ನೆರಳಲ್ಲಿ ಕಾವ್ಯದ ಲಕ್ಷಣವೂ ಗಣಿತದ ಲಕ್ಷಣವೂ ಗ್ರಂಥರೂಪ ಪಡೆದವು. ಮೊದಲನೆಯದನ್ನು ನಾವು ಎದೆಗೆ ಅಪ್ಪಿಕೊಂಡಿದ್ದೇವೆ. ಎರಡನೆಯದರ ಹೆಸರನ್ನು ನಮ್ಮ ಗಣಿತ ಪದವೀಧರರಲ್ಲೇ ಹಲವರು ಕೇಳಿಲ್ಲ. 1912ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಮದ್ರಾಸಿನಿಂದ ಪ್ರಕಟಿಸಿದ ಮೇಲೆ ಲೋಕದ ವಿದ್ವಾಂಸರ ಕಣ್ಣು ಅದರ ಮೇಲೆ ಬಿತ್ತು. ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದದ್ದಾದರೋ 11ನೆಯ ಶತಮಾನದಲ್ಲೇ.

ಮಹಾವೀರನ ಗ್ರಂಥ ಜ್ಯೋತಿಷದ ಹಂಗಿಲ್ಲದೆ ಗಣಿತಕ್ಕೇ ಮೀಸಲಾದದ್ದು. ಭಿನ್ನರಾಶಿಗಳ ವಿಷಯಕ್ಕೆ ಅವನು ಕೊಟ್ಟ ಜಾಗ ಅಗಾಧ. ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ತೆಗೆದು ಭಿನ್ನಗಳನ್ನು ಕೂಡಿಸುವ ಕ್ರಮ ಅವನಲ್ಲಿ ಸ್ಪಷ್ಟವಾಗಿದೆ. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಕಾರಣಸಹಿತ ಹೇಳಿದವನು ಅವನು. ಇಷ್ಟು ಸೂಕ್ಷ್ಮವಾಗಿ ಛೇದವನ್ನು ಬಲ್ಲವನು, ಛೇದ ಸೊನ್ನೆಯಾದಾಗ ಏನಾಗುತ್ತದೆ ಎಂಬಲ್ಲಿಗೆ ಬಂದು, ಸೊನ್ನೆಯಿಂದ ಭಾಗಿಸಿದ ರಾಶಿ ಬದಲಾಗದೆ ಹಾಗೆಯೇ ಉಳಿಯುತ್ತದೆ ಎಂದುಬಿಟ್ಟ.

ಇದು ತಪ್ಪು. 12ನ್ನು ಸೊನ್ನೆಯಿಂದ ಭಾಗಿಸಿದರೆ 12 ಎನ್ನುವುದಾದರೆ, 12ನ್ನು ಸೊನ್ನೆಯಿಂದ ಗುಣಿಸಿದಾಗ ಮತ್ತೆ 12 ಬರಬೇಕು. ಗುಣಿಸಿದರೆ ಸೊನ್ನೆ ಎಂದು ಅವನೇ ಹೇಳಿದ್ದಾನೆ. ತಪ್ಪಿನ ಹಿಂದಿನ ವಿಚಾರವನ್ನು ಊಹಿಸುವುದು ಕಷ್ಟವಲ್ಲ. ಭಾಗಾಕಾರವೆಂದರೆ ಹಂಚಿಕೆ, ಹಂಚಿಕೊಳ್ಳುವವರೇ ಇಲ್ಲದಿದ್ದರೆ ರಾಶಿ ಇದ್ದಲ್ಲೇ ಇರುತ್ತದೆ. ವ್ಯವಹಾರದ ದೃಷ್ಟಿಯಲ್ಲಿ ಇದು ಸಹಜ. ಅವನಿಗಿಂತ ಎರಡು ಶತಮಾನ ಹಿಂದೆ, 628ರಲ್ಲಿ, ಬ್ರಹ್ಮಗುಪ್ತ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದಿದ್ದ. ಅದೂ ನಿಲ್ಲಲಿಲ್ಲ. ಈ ಇಬ್ಬರನ್ನೂ ನಾನು ಗೌರವದಿಂದ ನೆನೆಯುತ್ತೇನೆ. ಬೇರೆ ನಾಗರಿಕತೆಗಳಲ್ಲಿ ಸೊನ್ನೆಗೆ ಸಂಖ್ಯೆಯ ಸ್ಥಾನವೇ ಇಲ್ಲದಿದ್ದ ಕಾಲದಲ್ಲಿ, ಸೊನ್ನೆಯನ್ನು ಉಳಿದ ಸಂಖ್ಯೆಗಳ ಸಾಲಿನಲ್ಲಿ ಕೂರಿಸಿ, ಅದರೊಂದಿಗೆ ಎಲ್ಲ ಕ್ರಿಯೆಗಳನ್ನೂ ಮಾಡಿ ನೋಡುವ ಧೈರ್ಯ ಅವರಿಗಿತ್ತು. ತಪ್ಪಿದ್ದು ಪ್ರಶ್ನೆ ಕೇಳಿದ ರೀತಿಯಲ್ಲಿ. ಛೇದ ಸೊನ್ನೆಯಾದ ಸ್ಥಳದಲ್ಲಿ ಬೆಲೆ ಎಷ್ಟು ಎಂದು ಅವರು ಕೇಳಿದರು. ಆ ಸ್ಥಳದಲ್ಲಿ ಬೆಲೆಯೇ ಇಲ್ಲ.

ಭಾಸ್ಕರಾಚಾರ್ಯನಲ್ಲಿ ಪ್ರಶ್ನೆ ಸ್ವಲ್ಪ ತಿರುಗುತ್ತದೆ. ಹುಟ್ಟಿದ್ದು 1114ರಲ್ಲಿ, ಸಿದ್ಧಾಂತಶಿರೋಮಣಿ ಮುಗಿಸಿದ್ದು 1150ರಲ್ಲಿ, ಅವನ 36ನೆಯ ವಯಸ್ಸಿನಲ್ಲಿ. ಅವನ ಊರು ನಮ್ಮ ವಿಜಯಪುರವೇ ಅಥವಾ ಮೊಮ್ಮಗ ಚಾಂಗದೇವನ ಶಾಸನವಿರುವ ಖಾನದೇಶದ ಪಾಟಣದ ಕಡೆಯೇ ಎಂಬ ವಾದ ಬಹಳ ದಿನಗಳಿಂದ ಇದೆ. ಅದನ್ನು ಇತಿಹಾಸಕಾರರಿಗೆ ಬಿಟ್ಟು ಅವನ ಲೆಕ್ಕಕ್ಕೆ ಬರೋಣ. ಛೇದ ಸೊನ್ನೆಯಾದ ರಾಶಿಗೆ ಅವನು ಖಹರವೆಂಬ ಹೆಸರಿಟ್ಟು, ಅದಕ್ಕೆ ಎಷ್ಟು ಸೇರಿಸಿದರೂ ಕಳೆದರೂ ವ್ಯತ್ಯಾಸವಾಗದು ಎಂದ. ಅದಕ್ಕಿಂತ ಹೆಚ್ಚಾಗಿ ನನ್ನ ಗಮನ ಸೆಳೆಯುವುದು ಲೀಲಾವತಿಯ ಒಂದು ಸಮಸ್ಯೆ. ಒಂದು ರಾಶಿಯನ್ನು ಸೊನ್ನೆಯಿಂದ ಗುಣಿಸಿ, ಬಂದದ್ದಕ್ಕೆ ಅದರ ಅರ್ಧವನ್ನು ಸೇರಿಸಿ, ಮೂರರಿಂದ ಗುಣಿಸಿ, ಸೊನ್ನೆಯಿಂದ ಭಾಗಿಸಿದಾಗ 63 ಬರುತ್ತದೆ; ಆ ರಾಶಿ ಯಾವುದು? ಉತ್ತರ 14.

ಸೊನ್ನೆಯಿಂದ ಗುಣಿಸಿದ ಕೂಡಲೇ ಎಲ್ಲವೂ ಸೊನ್ನೆಯಾಗಿ ಅಳಿದುಹೋಗಬೇಕಿತ್ತು. ಭಾಸ್ಕರ ಹಾಗೆ ಅಳಿಸಲಿಲ್ಲ. ಮುಂದೆ ಇನ್ನೂ ಕ್ರಿಯೆಗಳಿದ್ದರೆ ಸೊನ್ನೆಯನ್ನು ಗುಣಕವಾಗಿ ಪಕ್ಕದಲ್ಲಿ ಉಳಿಸಿಕೊಳ್ಳಬೇಕು, ಆಮೇಲೆ ಸೊನ್ನೆ ಭಾಜಕವಾಗಿ ಬಂದರೆ ರಾಶಿ ಮೊದಲಿನಂತೆಯೇ ಉಳಿಯುತ್ತದೆ ಎಂಬುದು ಅವನ ನಿಯಮ. ಈ ಲೆಕ್ಕಕ್ಕೆ ಗ್ರಹಗಣಿತದಲ್ಲಿ ದೊಡ್ಡ ಉಪಯೋಗವಿದೆ ಎಂದೂ ಅವನು ಹೇಳುತ್ತಾನೆ. ಗ್ರಹದ ತಾತ್ಕಾಲಿಕ ಗತಿಯನ್ನು, ಅಂದರೆ ಆ ಕ್ಷಣದ ವೇಗವನ್ನು, ಲೆಕ್ಕ ಹಾಕಲು ಹೊರಟವನಿಗೆ ಈ ಬಗೆಯ ಸೊನ್ನೆ ಬೇಕೇ ಬೇಕು.

ಇದನ್ನು ಇಂದಿನ ಭಾಷೆಗೆ ತರಲು ಒಂದೇ ಹೆಜ್ಜೆ ಸಾಕು. ಸೊನ್ನೆ ಇದ್ದಲ್ಲಿ ಹ ಎಂಬ ಚರವನ್ನು ಇಡೋಣ. ಅದು ಸೊನ್ನೆಯಲ್ಲ, ಸೊನ್ನೆಯತ್ತ ಸಾಗುವಂಥದು. ರಾಶಿ ಅ ಆಗಿರಲಿ. ಆಗ ಅಂಶದಲ್ಲಿ 3 × (ಅಹ + ಅಹ/2), ಛೇದದಲ್ಲಿ ಹ. ಹ ಸೊನ್ನೆಯಲ್ಲದಿದ್ದಾಗಲೆಲ್ಲ ಈ ಭಾಗಾಕಾರದ ಬೆಲೆ 9ಅ/2. ಹ ಎಷ್ಟೇ ಕಿರಿದಾದರೂ ಅದು ಬದಲಾಗುವುದಿಲ್ಲ. ಆದ್ದರಿಂದ ಮಿತಿಯೂ 9ಅ/2. ಅದು 63 ಆಗಬೇಕಾದರೆ ಅ ಎಂಬುದು 14. ಭಾಗಲಬ್ಧ ಫಲನದ ಮಿತಿಯನ್ನು ಕಂಡುಹಿಡಿಯುವ ಲೆಕ್ಕವೊಂದು 12ನೆಯ ಶತಮಾನದ ಪಠ್ಯದಲ್ಲಿ, ಮಿತಿ ಎಂಬ ಪರಿಕಲ್ಪನೆಯ ಹೆಸರಿಲ್ಲದೆ, ಹೀಗೆ ಕುಳಿತಿದೆ. ಅದರ ಕೊರತೆಯನ್ನೂ ಹೇಳಬೇಕು. ಭಾಸ್ಕರನ ಬಳಿ ಎಲ್ಲ ಸೊನ್ನೆಗಳಿಗೂ ಒಂದೇ ಚಿಹ್ನೆ. ಅಂಶದಲ್ಲಿ ಹ, ಛೇದದಲ್ಲಿ ಹ² ಇದ್ದರೆ ಕಥೆಯೇ ಬೇರೆ. ಎರಡನ್ನೂ ಸೊನ್ನೆ ಎಂದು ಬರೆದವನಿಗೆ ಆ ಭೇದ ಕಾಣುವುದಿಲ್ಲ. ಸೊನ್ನೆಯತ್ತ ಯಾವುದು ಎಷ್ಟು ಬೇಗ ಸಾಗುತ್ತಿದೆ ಎಂಬುದೇ ಇಲ್ಲಿ ನಿರ್ಣಾಯಕ.

ಈಗ ನಾನು ಮೊದಲು ಎತ್ತಿದ ಸಂಶಯಕ್ಕೆ ಉತ್ತರ ಕೊಡಬಹುದು. ಫ್ರಾನ್ಸಿನ ಕೌಶಿ 1821ರ ತನ್ನ ಪಾಠಗಳಲ್ಲಿ ಮಿತಿಯನ್ನು ಕಲನಶಾಸ್ತ್ರದ ಅಡಿಗಲ್ಲಾಗಿ ಇಟ್ಟ. ಆಮೇಲೆ ಜರ್ಮನಿಯ ವೈಯರ್‌ಸ್ಟ್ರಾಸ್ ಅದಕ್ಕೆ ಎಪ್ಸಿಲಾನ್-ಡೆಲ್ಟಾಗಳ ಕಟ್ಟುನಿಟ್ಟಿನ ರೂಪ ಕೊಟ್ಟ. ಆ ವ್ಯಾಖ್ಯೆಯ ಜೀವಾಳ ಒಂದು ನಿಷೇಧ. ಕ್ಷ ಎಂಬುದು 3ನ್ನು ಸಮೀಪಿಸಿದಾಗ ಫಲನದ ಮಿತಿ ಏನು ಎಂದು ಕೇಳುವಾಗ ಕ್ಷ = 3 ಎಂಬ ಬಿಂದುವಿನತ್ತ ನೋಡುವುದೇ ಇಲ್ಲ. ಅದರ ಎಡಬಲಗಳನ್ನು ಮಾತ್ರ, ಎಷ್ಟು ಬೇಕಾದರೂ ಹತ್ತಿರದಿಂದ, ನೋಡಬಹುದು. ಆ ಬಿಂದುವಿನಲ್ಲಿ ಬೆಲೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ಯಾರಾದರೂ ಬೇಕೆಂದೇ ತಪ್ಪು ಬೆಲೆ ಇಟ್ಟಿದ್ದರೂ ಒಂದೇ.

ಈ ನಿಷೇಧದಿಂದ ಹೊಡೆದುಹಾಕುವ ಹಕ್ಕು ನಮಗೆ ಸಿಕ್ಕಿತು. ಕ್ಷ 3 ಅಲ್ಲದ ಕಡೆ (ಕ್ಷ − 3) ಸೊನ್ನೆಯಲ್ಲ, ಆದ್ದರಿಂದ ಅದನ್ನು ನಿರಾತಂಕವಾಗಿ ತೆಗೆಯಬಹುದು. ಮೊದಲಿನ ಫಲನವೂ (ಕ್ಷ + 3) ಎಂಬುದೂ ಆ ಒಂದು ಬಿಂದುವನ್ನುಳಿದು ಎಲ್ಲೆಡೆ ಒಂದೇ. ಮಿತಿ ಆ ಒಂದು ಬಿಂದುವನ್ನು ನೋಡದ ಕಾರಣ ಎರಡರ ಮಿತಿಯೂ ಒಂದೇ. ಎರಡನೆಯ ಸಾಲಿನಲ್ಲಿ 3 ಇಟ್ಟದ್ದು ಬೇರೆ ಕಾರಣದಿಂದ. ಮೂಲ ಫಲನದಲ್ಲಿ ನಾವು 3 ಇಡಲಿಲ್ಲ. (ಕ್ಷ + 3) ಬಹುಪದೋಕ್ತಿ. ಬಹುಪದೋಕ್ತಿಗಳು ಎಲ್ಲೆಡೆ ನಿರಂತರ. ನಿರಂತರವಾದುದರ ಮಿತಿ ಅದರ ಬೆಲೆಯೇ. ಹೊಡೆದುಹಾಕಿದ್ದಕ್ಕೆ ಒಂದು ಕಾರಣ, ಬೆಲೆ ಇಟ್ಟದ್ದಕ್ಕೆ ಇನ್ನೊಂದು. ಬರ್ಕ್ಲಿಯ ಆಕ್ಷೇಪ ಹುಟ್ಟಿದ್ದು ಈ ಎರಡೂ ಕಾರಣಗಳನ್ನು ಯಾರೂ ಬಿಡಿಸಿ ಹೇಳದೆ ಇದ್ದುದರಿಂದ. ನಮ್ಮ ತರಗತಿಗಳಲ್ಲಿ ಇಂದಿಗೂ ಬಿಡಿಸಿ ಹೇಳದಿದ್ದರೆ ನಾವು 1734ರಲ್ಲೇ ನಿಂತಿದ್ದೇವೆ.

ಭಾಗಲಬ್ಧ ಫಲನವೆಂದರೆ ಒಂದು ಬಹುಪದೋಕ್ತಿಯನ್ನು ಇನ್ನೊಂದು ಬಹುಪದೋಕ್ತಿಯಿಂದ ಭಾಗಿಸಿದ್ದು. ಕಲನಶಾಸ್ತ್ರದ ಎಲ್ಲ ಫಲನಗಳ ನಡುವೆ ಇವುಗಳಿಗೆ ಒಂದು ವಿಶೇಷ ಅನುಗ್ರಹವಿದೆ. ಛೇದ ಸೊನ್ನೆಯಾಗದ ಬಿಂದುವಿನಲ್ಲಿ ಮಿತಿ ಎಂದರೆ ಬೆಲೆಯೇ. ಅಲ್ಲಿ ಹೇಳುವುದೇನೂ ಇಲ್ಲ. ಅಂಶ ಛೇದ ಎರಡೂ ಅ ಎಂಬ ಬಿಂದುವಿನಲ್ಲಿ ಸೊನ್ನೆಯಾದರೆ, ವಿದ್ಯಾರ್ಥಿಗಳು ಜೀರೋ ಬೈ ಜೀರೋ ಫಾರ್ಮ್ ಎಂದು ಕರೆಯುವ ಸ್ಥಿತಿ ಬಂದರೆ, ಶೇಷಪ್ರಮೇಯ ನೆರವಿಗೆ ಬರುತ್ತದೆ. ಅ ಎಂಬಲ್ಲಿ ಸೊನ್ನೆಯಾಗುವ ಬಹುಪದೋಕ್ತಿಗೆ (ಕ್ಷ − ಅ) ಅಪವರ್ತನವಾಗಿಯೇ ತೀರಬೇಕು. ಎರಡರಲ್ಲೂ ಸೊನ್ನೆ ಬಂತೆಂದರೆ ಎರಡರಲ್ಲೂ ಆ ಅಪವರ್ತನ ಅಡಗಿದೆ ಎಂದೇ ಅರ್ಥ. ಪ್ರೌಢಶಾಲೆಯಲ್ಲಿ ಕಲಿತು ಮರೆತ ಆ ಪ್ರಮೇಯ ಇಲ್ಲಿ ಮತ್ತೆ ಕೆಲಸಕ್ಕೆ ನಿಲ್ಲುವುದನ್ನು ಕಂಡಾಗ ಗಣಿತ ಒಂದೇ ಎಂಬ ಭಾವ ನನ್ನಲ್ಲಿ ಗಟ್ಟಿಯಾಗುತ್ತದೆ.

ಅಂಶದಿಂದ (ಕ್ಷ − ಅ) ಎಂಬುದನ್ನು ಎಷ್ಟು ಬಾರಿ ಹೊರತೆಗೆಯಲು ಸಾಧ್ಯವೋ ಅಷ್ಟು ಬಾರಿ ತೆಗೆಯಿರಿ, ಛೇದದಿಂದಲೂ ಹಾಗೆಯೇ. ಅಂಶದಲ್ಲಿ ಹೆಚ್ಚು ಬಾರಿ ಇದ್ದರೆ ಮಿತಿ ಸೊನ್ನೆ. ಸಮನಾಗಿದ್ದರೆ ಉಳಿದ ಭಾಗಗಳ ಬೆಲೆಗಳ ಅನುಪಾತವೇ ಮಿತಿ. ಛೇದದಲ್ಲಿ ಹೆಚ್ಚು ಬಾರಿ ಇದ್ದರೆ ಬೆಲೆ ಎಲ್ಲೆಯಿಲ್ಲದೆ ಬೆಳೆಯುತ್ತದೆ, ಮಿತಿ ಇಲ್ಲ. ಆಗಲೂ ಒಂದು ಸೂಕ್ಷ್ಮ ಉಳಿಯುತ್ತದೆ. ಹೆಚ್ಚಿನ ಎಣಿಕೆ ಸಮಸಂಖ್ಯೆಯಾದರೆ ಎರಡೂ ಕಡೆಯಿಂದ ಒಂದೇ ದಿಕ್ಕಿಗೆ ಏರುತ್ತದೆ ಅಥವಾ ಇಳಿಯುತ್ತದೆ. ಬೆಸವಾದರೆ ಒಂದು ಕಡೆ ಮೇಲಕ್ಕೆ, ಇನ್ನೊಂದು ಕಡೆ ಕೆಳಕ್ಕೆ: 1/(ಕ್ಷ − 2) ಎಂಬುದು 2ರ ಬಲಕ್ಕೆ ಧನ ಅನಂತದತ್ತ, ಎಡಕ್ಕೆ ಋಣ ಅನಂತದತ್ತ. ಸಾಂತ ಬಿಂದುವಿನಲ್ಲಿ ಭಾಗಲಬ್ಧ ಫಲನದ ಮಿತಿಯನ್ನು ಕುರಿತ ಇಡೀ ಸಿದ್ಧಾಂತ ಇಷ್ಟೇ. ಪಠ್ಯಪುಸ್ತಕಗಳು ಇಪ್ಪತ್ತು ಬಗೆಯ ಲೆಕ್ಕಗಳಾಗಿ ಹರಡಿರುವುದೆಲ್ಲ ಈ ಎಣಿಕೆಯೊಳಗೆ ಬಂದುಬಿಡುತ್ತದೆ. ಸೈನ್ ಕ್ಷ ಎಂಬುದನ್ನು ಕ್ಷದಿಂದ ಭಾಗಿಸಿದಾಗ ಇಂಥ ಅಪವರ್ತನ ಕೈಗೆ ಸಿಗುವುದಿಲ್ಲ. ಅಲ್ಲಿ ವೃತ್ತದ ಜ್ಯಾಮಿತಿಯ ಮೊರೆ ಹೋಗಬೇಕಾಗುತ್ತದೆ. ಭಾಗಲಬ್ಧ ಫಲನಕ್ಕೆ ಬೀಜಗಣಿತವೇ ಸಾಕು, ಅದೂ ಎಣಿಸಬಹುದಾದಷ್ಟು ಹೆಜ್ಜೆಗಳಲ್ಲಿ.

ಸಮೀಪ ಎಂದರೆ ಎಷ್ಟು ಸಮೀಪ? ಎಪ್ಸಿಲಾನ್-ಡೆಲ್ಟಾ ಎಂದೊಡನೆ ನಮ್ಮ ಮಕ್ಕಳು ಹೆದರುತ್ತಾರೆ, ಅಧ್ಯಾಪಕರೂ ಪುಟ ತಿರುವುತ್ತಾರೆ. ಭಾಗಲಬ್ಧ ಫಲನದಲ್ಲಿ ಹೆದರಲು ಏನೂ ಇಲ್ಲ. (ಕ್ಷ² − 9)ನ್ನು (ಕ್ಷ² − ಕ್ಷ − 6)ರಿಂದ ಭಾಗಿಸುವ ಲೆಕ್ಕ ತೆಗೆದುಕೊಳ್ಳಿ. ಛೇದ (ಕ್ಷ − 3)(ಕ್ಷ + 2). ಎರಡರಲ್ಲೂ (ಕ್ಷ − 3) ಒಂದೊಂದು ಬಾರಿ ಇದೆ. ತೆಗೆದರೆ (ಕ್ಷ + 3)/(ಕ್ಷ + 2) ಉಳಿಯುತ್ತದೆ. 3ರ ಬಳಿ ಮಿತಿ 6/5. ಈಗ ಉಳಿದದ್ದರಿಂದ 6/5ನ್ನು ಕಳೆಯಿರಿ. (3 − ಕ್ಷ) ಮೇಲೆ, 5(ಕ್ಷ + 2) ಕೆಳಗೆ ಬರುತ್ತದೆ. ಕ್ಷ ಎಂಬುದು 3ರಿಂದ ಒಂದು ಮಾನದೊಳಗೆ ಇದ್ದರೆ (ಕ್ಷ + 2) 4ಕ್ಕಿಂತ ದೊಡ್ಡದು, ಹಾಗಾಗಿ ವ್ಯತ್ಯಾಸವು ಕ್ಷ ಮತ್ತು 3ರ ನಡುವಣ ಅಂತರದ ಇಪ್ಪತ್ತನೆಯ ಒಂದು ಭಾಗಕ್ಕಿಂತ ಕಡಿಮೆ. ಉತ್ತರದಲ್ಲಿ ಸಾವಿರದಲ್ಲಿ ಒಂದರಷ್ಟು ತಪ್ಪನ್ನೂ ಸಹಿಸೆನು ಎಂದು ಯಾರಾದರೂ ಹಟ ಹಿಡಿದರೆ, ಕ್ಷವನ್ನು 3ರಿಂದ ಐವತ್ತರಲ್ಲಿ ಒಂದರಷ್ಟು ಅಂತರದೊಳಗೆ ಇಟ್ಟುಕೋ ಎಂದು ನಾವು ಹೇಳಬಹುದು. ಅವರು ಲಕ್ಷದಲ್ಲಿ ಒಂದು ಎಂದರೆ ನಾವು ಐದು ಸಾವಿರದಲ್ಲಿ ಒಂದು ಎನ್ನುತ್ತೇವೆ. ಎಷ್ಟು ಹಟ ಹಿಡಿದರೂ ಉತ್ತರ ಸಿದ್ಧವಾಗಿದೆ. ವೈಯರ್‌ಸ್ಟ್ರಾಸ್ ಕೇಳಿದ್ದು ಈ ಸಿದ್ಧತೆಯನ್ನು, ಬೇರೇನನ್ನೂ ಅಲ್ಲ.

ಇಷ್ಟು ಶ್ರಮವೇಕೆ, 3ರ ಹತ್ತಿರದ ಕೆಲವು ಸಂಖ್ಯೆಗಳನ್ನು ಇಟ್ಟು ಕೋಷ್ಟಕ ಮಾಡಿದರೆ ಮಿತಿ ಕಣ್ಣಿಗೇ ಕಾಣುವುದಿಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಕೋಷ್ಟಕದಿಂದ ಆರಂಭಿಸುವುದು ಒಳ್ಳೆಯ ಪಾಠಕ್ರಮ. ಕೋಷ್ಟಕದಲ್ಲೇ ಮುಗಿಸುವುದು ಅಪಾಯ. (ಕ್ಷ² + 0.000001) ಎಂಬುದನ್ನು ಕ್ಷದಿಂದ ಭಾಗಿಸಿ ನೋಡಿ. ಕ್ಷ 0.1 ಆದಾಗ ಬೆಲೆ 0.10001. 0.01 ಆದಾಗ 0.0101. 0.001 ಆದಾಗ 0.002. ಇಲ್ಲಿಗೆ ನಿಲ್ಲಿಸಿದವನು ಮಿತಿ ಸೊನ್ನೆ ಎಂದು ಆಣೆ ಮಾಡಿ ಹೇಳಬಲ್ಲ. ಇನ್ನೂ ಹತ್ತಿರ ಹೋದರೆ, 0.0001 ಆದಾಗ ಬೆಲೆ ಮತ್ತೆ 0.0101; 0.00001 ಆದಾಗ 0.10001, 0.000001 ಆದಾಗ 1ನ್ನು ದಾಟಿತು. ಅಲ್ಲಿಂದಾಚೆ ಏರಿಕೆಗೆ ಕೊನೆಯಿಲ್ಲ. ಛೇದ ಸೊನ್ನೆಯಾಗುತ್ತದೆ, ಅಂಶ ಸೊನ್ನೆಯಾಗುವುದಿಲ್ಲ ಎಂಬುದನ್ನು ಒಮ್ಮೆ ಗಮನಿಸಿದ್ದರೆ ಕೋಷ್ಟಕದ ಈ ಮೋಸಕ್ಕೆ ಯಾರೂ ಒಳಗಾಗುತ್ತಿರಲಿಲ್ಲ. ಕೈಯಲ್ಲಿರುವ ಮೊಬೈಲೇ ಕೋಷ್ಟಕ ಬರೆದುಕೊಡುವ ಈ ದಿನಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಮತ್ತೊಂದು ಅಭ್ಯಾಸದ ಬಗ್ಗೆಯೂ ಹೇಳಬೇಕು. 1696ರಲ್ಲಿ ಲೋಪಿಟಾಲ್ ಪ್ರಕಟಿಸಿದ, ಮೂಲದಲ್ಲಿ ಯೋಹಾನ್ ಬರ್ನೂಲಿಯದಾದ ನಿಯಮವೊಂದು ಸಿಇಟಿ ತರಬೇತಿಯ ಮೂಲಕ ನಮ್ಮ ಮಕ್ಕಳ ಕೈಗೆ ಬಹಳ ಬೇಗ ಬರುತ್ತದೆ. ಅಂಶ ಛೇದಗಳನ್ನು ಬೇರೆ ಬೇರೆಯಾಗಿ ಅವಕಲಿಸಿ ಬೆಲೆ ಇಡುವುದು. ನಿಯಮ ಸತ್ಯ, ಉಪಯುಕ್ತ. ಆದರೆ ಅವಕಲನ ಎಂಬುದೇ ಸೊನ್ನೆ-ಸೊನ್ನೆ ರೂಪದ ಒಂದು ಮಿತಿ; ಮಿತಿಯನ್ನು ಅರಿಯದವನು ಅವಕಲನದಿಂದ ಮಿತಿ ತೆಗೆದರೆ ಅವನಿಗೆ ದಕ್ಕಿದ್ದು ಉತ್ತರ ಮಾತ್ರ. ಅದಲ್ಲದೆ ರೂಪವನ್ನು ಪರೀಕ್ಷಿಸದೆ ನಿಯಮ ಬಳಸುವ ಚಟ ಅಂಟುತ್ತದೆ. (ಕ್ಷ + 1)/(ಕ್ಷ + 2) ಎಂಬುದರ ಮಿತಿ 1ರ ಬಳಿ 2/3. ಕಣ್ಣುಮುಚ್ಚಿ ಅವಕಲಿಸಿದವನಿಗೆ 1 ಬರುತ್ತದೆ.

ಅವಕಲನದ ಮಾತು ಬಂತು. ಭಾಗಲಬ್ಧ ಫಲನದ ಮಿತಿ ಪಠ್ಯದಲ್ಲಿ ಮೊದಲು ಬರುವುದು ಸುಮ್ಮನೆ ಅಲ್ಲ. ಕೈಬಿಟ್ಟ ಕಲ್ಲು ತ ಸೆಕೆಂಡುಗಳಲ್ಲಿ ಸುಮಾರು 4.9ತ² ಮೀಟರ್ ಬೀಳುತ್ತದೆ. ಎರಡನೆಯ ಸೆಕೆಂಡು ಮುಗಿದ ಗಳಿಗೆಯಲ್ಲಿ ಅದರ ವೇಗವೆಷ್ಟು? ಗಳಿಗೆ ಎಂದರೆ ಕಾಲ ಸೊನ್ನೆ, ಆ ಕಾಲದಲ್ಲಿ ಬಿದ್ದ ದೂರವೂ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವ ಹಳೆಯ ಇಕ್ಕಟ್ಟು ಮತ್ತೆ ಎದುರು ನಿಂತಿತು. ಆ ಗಳಿಗೆಯಿಂದ ಹ ಸೆಕೆಂಡು ಮುಂದೆ ಹೋಗಿ ಸರಾಸರಿ ವೇಗ ತೆಗೆಯಿರಿ. 4.9(2 + ಹ)² ಎಂಬುದರಿಂದ 19.6 ಕಳೆದು ಹ ದಿಂದ ಭಾಗಿಸಿದರೆ ಅದು 19.6 + 4.9ಹ. ಹ ಸೊನ್ನೆಯತ್ತ ಸಾಗಿದಾಗ ಸೆಕೆಂಡಿಗೆ 19.6 ಮೀಟರ್. ಯಾವ ಬಹುಪದೋಕ್ತಿಯ ಅವಕಲನವಾದರೂ ಹೀಗೆಯೇ: ಹ ಎಂಬುದರ ಒಂದು ಭಾಗಲಬ್ಧ ಫಲನ, ಅದರಲ್ಲಿ ಹೊಡೆದುಹಾಕಲು ಸಿದ್ಧವಾಗಿ ನಿಂತ ಒಂದು ಹ. ಭಾಸ್ಕರನ ತಾತ್ಕಾಲಿಕ ಗತಿಗೂ ಅವನ 63ರ ಲೆಕ್ಕಕ್ಕೂ ಒಳಗಿನ ಸಂಬಂಧ ಇದೇ ಎಂದು ನಾನು ನಂಬುತ್ತೇನೆ.

ಚರವು ಒಂದು ಬಿಂದುವಿನ ಬದಲು ಅನಂತದತ್ತ ಸಾಗಿದಾಗ ಎಣಿಕೆ ಇನ್ನೂ ಸರಳ. ಅಂಶ ಛೇದಗಳ ಗರಿಷ್ಠ ಘಾತಗಳನ್ನು ಹೋಲಿಸಬೇಕು. (3ಕ್ಷ² + 5)ನ್ನು (2ಕ್ಷ² − 7ಕ್ಷ) ಎಂಬುದರಿಂದ ಭಾಗಿಸಿ ಮೇಲೆ ಕೆಳಗೆ ಕ್ಷ²ದಿಂದ ಭಾಗಿಸಿದರೆ, 5/ಕ್ಷ² ಮತ್ತು 7/ಕ್ಷ ಎರಡೂ ಕರಗುತ್ತವೆ, ಮಿತಿ 3/2. ಕ್ಷ 1,000 ಆದಾಗಲೇ ಬೆಲೆ ಸುಮಾರು 1.505ಕ್ಕೆ ಬಂದಿರುತ್ತದೆ. ಗದಗ-ಬೆಟಗೇರಿಯ ನೇಕಾರ ಕುಟುಂಬಗಳಿಗೆ ಈ ಲೆಕ್ಕ ಹೊಸದಲ್ಲ. ಒಂದು ವಿನ್ಯಾಸವನ್ನು ಮಗ್ಗಕ್ಕೆ ಏರಿಸುವ ಒಂದಾವರ್ತಿ ಖರ್ಚು 6,000 ರೂಪಾಯಿ, ಆಮೇಲೆ ಸೀರೆಯೊಂದಕ್ಕೆ ನೂಲು ಕೂಲಿ ಸೇರಿ 900 ರೂಪಾಯಿ ಎಂದು ಲೆಕ್ಕದ ಅನುಕೂಲಕ್ಕೆ ಹಿಡಿಯೋಣ. ನ ಸೀರೆಗಳಿಗೆ ಸರಾಸರಿ ಖರ್ಚು (6,000 + 900ನ)/ನ. ಹತ್ತು ಸೀರೆಗೆ 1,500, ನೂರಕ್ಕೆ 960, ಸಾವಿರಕ್ಕೆ 906. ಮಿತಿ 900. ಆ ಬೆಲೆಗೆ ಸೀರೆ ಎಂದೂ ಇಳಿಯದು. ಆದರೂ 900 ಎಂಬ ಸಂಖ್ಯೆಯನ್ನು ಅರಿಯದೆ ಯಾರೂ ದರ ನಿಗದಿ ಮಾಡಲಾರರು. ಎಂದೂ ಮುಟ್ಟದ ಬೆಲೆ ಮುಟ್ಟುವ ಬೆಲೆಗಳನ್ನೆಲ್ಲ ಹಿಡಿದಿಟ್ಟಿರುತ್ತದೆ.

ಇದೇ ಬಗೆಯ ಮಿತಿ ನಮ್ಮ ನೆರೆಯ ಕೇರಳದಲ್ಲಿ ಮಹತ್ತಾದ ಕೆಲಸ ಮಾಡಿದೆ. 1ರಿಂದ ನ ವರೆಗಿನ ಸಂಖ್ಯೆಗಳ ಮೊತ್ತವನ್ನು ನ²ದಿಂದ ಭಾಗಿಸಿದರೆ (ನ + 1)/2ನ. ನ ಬೆಳೆದಂತೆ ಅದು 1/2ಕ್ಕೆ ಬರುತ್ತದೆ. ವರ್ಗಗಳ ಮೊತ್ತವನ್ನು ನ³ದಿಂದ ಭಾಗಿಸಿದರೆ 1/3, ಘನಗಳದ್ದನ್ನು ನ⁴ದಿಂದ ಭಾಗಿಸಿದರೆ 1/4. ಸಂಗಮಗ್ರಾಮದ ಮಾಧವನ ಶಿಷ್ಯಪರಂಪರೆಯ ಜ್ಯೇಷ್ಠದೇವ 16ನೆಯ ಶತಮಾನದ ತನ್ನ ಯುಕ್ತಿಭಾಷೆಯಲ್ಲಿ ಇದನ್ನು ಯುಕ್ತಿಸಮೇತ ವಿವರಿಸಿ, ಅದರ ಬಲದಿಂದ ವೃತ್ತದ ಪರಿಧಿಗೆ ಅನಂತ ಶ್ರೇಢಿಯನ್ನು ಸಾಧಿಸಿದ. ಆ ಗ್ರಂಥ ಇರುವುದು ಮಲಯಾಳದಲ್ಲಿ. ತಮ್ಮ ಮಾತೃಭಾಷೆಯಲ್ಲಿ ಗಣಿತದ ಅತ್ಯಂತ ಸೂಕ್ಷ್ಮ ವಾದವನ್ನು ಬರೆದ ಆ ಧೈರ್ಯ ನಮ್ಮಲ್ಲೂ ಇತ್ತು. 12ನೆಯ ಶತಮಾನದ ರಾಜಾದಿತ್ಯ ವ್ಯವಹಾರಗಣಿತವನ್ನೂ ಕ್ಷೇತ್ರಗಣಿತವನ್ನೂ ಕನ್ನಡದಲ್ಲೇ ಬರೆದ.

ಇಲ್ಲಿ ನಮ್ಮ ತರಗತಿಗಳ ಸ್ಥಿತಿಯನ್ನು ಹೇಳದೆ ಮುಂದೆ ಹೋಗಲಾರೆ. ಶಿರಹಟ್ಟಿ, ಮುಂಡರಗಿ ತಾಲ್ಲೂಕಿನ ಹಳ್ಳಿಗಳ ಹುಡುಗಿ ಹತ್ತನೆಯ ತರಗತಿಯವರೆಗೆ ಬಹುಪದೋಕ್ತಿ, ಅಪವರ್ತನ, ಶೇಷಪ್ರಮೇಯಗಳನ್ನು ಕನ್ನಡದಲ್ಲಿ ಕಲಿತು ಬರುತ್ತಾಳೆ. ಪಿಯುಸಿ ವಿಜ್ಞಾನಕ್ಕೆ ಸೇರಿದ ದಿನದಿಂದ ಎಲ್ಲವೂ ಇಂಗ್ಲಿಷಿಗೆ ತಿರುಗುತ್ತದೆ. ಮಿತಿಯ ಪಾಠ ಬರುವುದು ಆ ವರ್ಷದಲ್ಲೇ. ಹೊಸ ಭಾಷೆ ಮತ್ತು ಹೊಸ ವಿಚಾರ ಒಟ್ಟಿಗೆ ಬಂದಾಗ ಯಾರಾದರೂ ಮೊದಲು ಕೈಬಿಡುವುದು ವಿಚಾರವನ್ನು. ವಿಧಾನ ಉಳಿಯುತ್ತದೆ, ಏಕೆಂದರೆ ವಿಧಾನಕ್ಕೆ ಭಾಷೆ ಬೇಡ. “ಕ್ಯಾನ್ಸಲ್ ಆಗ್ತೈತ್ರಿ” ಎಂದು ಅವಳು ಸರಿಯಾಗಿಯೇ ಹೇಳುತ್ತಾಳೆ. ಏಕೆ ಆಗುತ್ತದೆ ಎಂದು ಅವಳನ್ನು ಯಾರೂ ಕೇಳಿರುವುದಿಲ್ಲ. ಇಂಗ್ಲಿಷ್ ಬೇಡ ಎನ್ನುವವನು ನಾನಲ್ಲ. ಕೇಂಬ್ರಿಜ್‌ನಲ್ಲಿ ರ‍್ಯಾಂಗ್ಲರ್ ಆಗಿ ಬಂದ ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವನ್ನು ಕಟ್ಟಿ ಬೆಳೆಸಿದ ನಾಡು ಇದು. ನನ್ನ ಬೇಡಿಕೆ ಚಿಕ್ಕದು: ಮಿತಿಯ ಪಾಠದ ಮೊದಲ ಒಂದು ವಾರ, ಸಂಶಯ ಮತ್ತು ಪರಿಹಾರ ಎರಡೂ ಕನ್ನಡದಲ್ಲಿ ನಡೆಯಲಿ. ಲೆಕ್ಕವನ್ನು ಯಾವ ಭಾಷೆಯಲ್ಲಾದರೂ ಬರೆಯಲಿ, ಹೊಡೆದುಹಾಕಿದ ಸಾಲಿನ ಪಕ್ಕದಲ್ಲಿ ‘ಕ್ಷ 3 ಅಲ್ಲದ ಕಾರಣ’ ಎಂಬ ಮೂರ‍್ನಾಲ್ಕು ಮಾತು ಬರೆಯುವ ರೂಢಿ ಬರಲಿ. ಅದಕ್ಕೂ ಒಂದು ಅಂಕ ಇರಲಿ.

ಆ ರೂಢಿ ಏಕೆ ಬೇಕು ಎಂಬುದು ಪದವಿ ತರಗತಿಗೆ ಹೋದ ಮೇಲೆ ಗೊತ್ತಾಗುತ್ತದೆ. ಒಂದು ಚರ ಇರುವಾಗ ಬಿಂದುವನ್ನು ಸಮೀಪಿಸಲು ಎಡ, ಬಲ ಎಂಬ ಎರಡೇ ದಾರಿ. ಚರಗಳು ಎರಡಾದಾಗ ದಾರಿಗಳಿಗೆ ಲೆಕ್ಕವಿಲ್ಲ. ಕ್ಷ × ಯ ಎಂಬುದನ್ನು (ಕ್ಷ² + ಯ²) ಎಂಬುದರಿಂದ ಭಾಗಿಸಿದ ಫಲನ ಮೂಲಬಿಂದುವಿನ ಬಳಿ ಏನಾಗುತ್ತದೆ? ಅಕ್ಷಗಳ ಮೇಲೆ ನಡೆದು ಬಂದವನಿಗೆ ಸೊನ್ನೆ, ಯ = ಕ್ಷ ಎಂಬ ರೇಖೆಯಲ್ಲಿ ಬಂದವನಿಗೆ 1/2, ಯ = 2ಕ್ಷ ಎಂಬುದರಲ್ಲಿ ಬಂದವನಿಗೆ 2/5. ಅಂಶ ಛೇದ ಎರಡೂ ಸೊನ್ನೆಯಾದರೂ ಹೊಡೆದುಹಾಕಲು ಸಾಮಾನ್ಯ ಅಪವರ್ತನವೇ ಇಲ್ಲ; ಒಂದು ಚರದಲ್ಲಿ ನಮ್ಮನ್ನು ಕಾಯುತ್ತಿದ್ದ ಶೇಷಪ್ರಮೇಯ ಇಲ್ಲಿ ಕಾಯುವುದಿಲ್ಲ. ಇನ್ನೂ ತೀಕ್ಷ್ಣವಾದದ್ದು ಕ್ಷ²ಯ ಎಂಬುದನ್ನು (ಕ್ಷ⁴ + ಯ²) ಎಂಬುದರಿಂದ ಭಾಗಿಸಿದ ಫಲನ. ಮೂಲಬಿಂದುವಿಗೆ ಯಾವ ಸರಳರೇಖೆಯಲ್ಲಿ ಬಂದರೂ ಅದರ ಬೆಲೆ ಸೊನ್ನೆಯತ್ತಲೇ ಸಾಗುತ್ತದೆ. ಎಲ್ಲ ರೇಖೆಗಳನ್ನೂ ಪರೀಕ್ಷಿಸಿದ್ದೇನೆ, ಮಿತಿ ಸೊನ್ನೆ ಎಂದು ವಿದ್ಯಾರ್ಥಿ ಬರೆದಿಡುತ್ತಾನೆ. ಯ = ಕ್ಷ² ಎಂಬ ಪರವಲಯದ ಮೇಲೆ ಬಂದರೆ ಬೆಲೆ ಉದ್ದಕ್ಕೂ 1/2 ಆಗಿಯೇ ಇರುತ್ತದೆ, ಮೂಲಬಿಂದುವಿನ ಅಂಚಿನವರೆಗೂ. ಆದ್ದರಿಂದ ಆ ಫಲನಕ್ಕೆ ಅಲ್ಲಿ ಮಿತಿ ಇಲ್ಲ.